ಹಬ್ಬ ಬರುವ ಹೊತ್ತು

2024ರ ದೀಪಾವಳಿಯಲ್ಲಿ ಲಕ್ಷ್ಮೀಪೂಜೆಯನ್ನು ಅಕ್ಟೋಬರ್ 31ರಂದು ಮಾಡಬೇಕೋ ನವೆಂಬರ್ 1ರಂದು ಮಾಡಬೇಕೋ ಎಂಬ ಚರ್ಚೆ ದೇಶದ ಉದ್ದಗಲಕ್ಕೂ ನಡೆಯಿತು. ಆಶ್ವಯುಜ ಬಹುಳ ಅಮಾವಾಸ್ಯೆಯು ಮೊದಲನೆಯ ದಿನ ಅಪರಾಹ್ಣದಲ್ಲಿ ಆರಂಭವಾಗಿ, ಮರುದಿನ ಸೂರ್ಯಾಸ್ತದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಲಕ್ಷ್ಮೀಪೂಜೆಗೆ ಶಾಸ್ತ್ರ ಹೇಳಿರುವ ಕಾಲ ಪ್ರದೋಷ, ಅಂದರೆ ಸೂರ್ಯ ಮುಳುಗಿದ ಮೇಲಿನ ಹೊತ್ತು. ಆ ಹೊತ್ತಿಗೆ ಅಮಾವಾಸ್ಯೆ ಒಂದು ದಿನ ಪೂರ್ತಿಯಾಗಿಯೂ ಇನ್ನೊಂದು ದಿನ ಅಲ್ಪವಾಗಿಯೂ ಇದ್ದುದರಿಂದ ನಿರ್ಣಯಗಳು ಎರಡು ದಾರಿ ಹಿಡಿದವು. ಪಂಚಾಂಗದವರು ಒಂದು ಮಾತಿಗೆ ಬರುವುದಿಲ್ಲವೆಂದು ಅನೇಕರು ಬೇಸರಪಟ್ಟರು. ನನಗೆ ಮಾತ್ರ ಆ ಚರ್ಚೆಯೇ ಹಬ್ಬದ ಒಂದು ಭಾಗವೆಂದು ತೋರಿತು. ದೇವಿ ಬರುವುದು ಯಾವಾಗ ಎಂದು ಇಷ್ಟೊಂದು ಜನ ಒಟ್ಟಿಗೆ ಕೇಳಿಕೊಳ್ಳುವ ಸಂದರ್ಭ ವರ್ಷದಲ್ಲಿ ಎಷ್ಟು ಬಾರಿ ಒದಗುತ್ತದೆ?

ರಜೆಯ ಪಟ್ಟಿಯಲ್ಲಿ ಹಬ್ಬಕ್ಕೆ ಒಂದು ತಾರೀಕು ಇರುತ್ತದೆ. ಪಂಚಾಂಗದಲ್ಲಿ ಅದಕ್ಕೆ ಒಂದು ಹೊತ್ತು ಇರುತ್ತದೆ. ಸೂರ್ಯನಿಂದ ಚಂದ್ರನು 12 ಅಂಶ ಮುಂದೆ ಸರಿಯುವುದಕ್ಕೆ ಹಿಡಿಯುವ ಕಾಲವೇ ಒಂದು ತಿಥಿ, ಮತ್ತು ಚಂದ್ರನ ನಡಿಗೆ ಒಂದೇ ವೇಗದ್ದಲ್ಲವಾದ್ದರಿಂದ ಆ ಕಾಲವು ಸುಮಾರು 20 ಗಂಟೆಗಳಿಂದ 26 ಗಂಟೆಗಳವರೆಗೂ ಬದಲಾಗುತ್ತದೆ. ಹೀಗಾಗಿ ಒಂದೇ ತಿಥಿ ಎರಡು ಸೂರ್ಯೋದಯಗಳನ್ನು ಕಾಣುವುದುಂಟು, ಒಂದನ್ನೂ ಕಾಣದೆ ಮುಗಿದುಹೋಗುವುದೂ ಉಂಟು. ಹಾಗಾದರೆ ಹಬ್ಬ ಯಾವ ದಿನ? ಆ ವ್ರತದ ಮುಖ್ಯ ಕರ್ಮಕ್ಕೆ ಯಾವ ಕಾಲ ವಿಹಿತವೋ ಆ ಕಾಲದಲ್ಲಿ ತಿಥಿ ಇರುವ ದಿನವೇ ಹಬ್ಬ ಎಂಬುದು ಧರ್ಮಶಾಸ್ತ್ರಕಾರರು ಹಿಡಿದ ಸೂತ್ರ. ವಿಜಯನಗರದ ಆರಂಭಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರು ರಚಿಸಿದ ಕಾಲನಿರ್ಣಯವೂ, ಕಾಶಿಯಲ್ಲಿ ಕಮಲಾಕರಭಟ್ಟರು 1612ರಲ್ಲಿ ಮುಗಿಸಿದ ನಿರ್ಣಯಸಿಂಧುವೂ ಪುಟಗಟ್ಟಲೆ ಚರ್ಚಿಸುವುದು ಇದನ್ನೇ. ಮೊದಲ ಓದಿಗೆ ಅದು ಒಣ ಲೆಕ್ಕಾಚಾರವೆನಿಸಬಹುದು. ಆದರೆ ಪ್ರತಿಯೊಂದು ಹಬ್ಬದ ಕಥೆಯನ್ನೂ ಅದಕ್ಕೆ ಗೊತ್ತಾದ ಕಾಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಲೆಕ್ಕದ ಒಳಗೆ ಕಥೆ ಕುಳಿತಿರುವುದು ಕಾಣುತ್ತದೆ.

ಶ್ರೀರಾಮನವಮಿಯನ್ನೇ ತೆಗೆದುಕೊಳ್ಳೋಣ. ಚೈತ್ರ ಶುದ್ಧ ನವಮಿಯು ಮಧ್ಯಾಹ್ನಕ್ಕೆ ಇರುವ ದಿನ ರಾಮನವಮಿ. ಬಾಲಕಾಂಡದಲ್ಲಿ ರಾಮನ ಜನನವನ್ನು ಹೇಳುವಾಗ ನವಮಿ ತಿಥಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನ ಎಂದು ಬರುತ್ತದೆ, ಐದು ಗ್ರಹಗಳು ಉಚ್ಚದಲ್ಲಿದ್ದವೆಂದೂ ಬರುತ್ತದೆ. ನಡುಹಗಲಿನ ಉಲ್ಲೇಖ ಬಿಡಿಯಾಗಿ ಬೇಕಾಗುವುದೇ ಇಲ್ಲ. ಸೂರ್ಯನು ತನ್ನ ಉಚ್ಚರಾಶಿಯಾದ ಮೇಷದಲ್ಲಿದ್ದು ಪೂರ್ವದಲ್ಲಿ ಕರ್ಕಾಟಕ ಉದಯಿಸುತ್ತಿದ್ದರೆ, ಸೂರ್ಯನು ಹತ್ತನೆಯ ಮನೆಯಲ್ಲಿ, ನೆತ್ತಿಯ ಕಡೆಗೆ ಇರಲೇಬೇಕು. ಸೂರ್ಯವಂಶದ ಕುಡಿ ಹುಟ್ಟುವಾಗ ವಂಶದ ಮೂಲಪುರುಷನು ಆಕಾಶದ ಅತ್ಯುನ್ನತ ಸ್ಥಾನದಲ್ಲಿ ನಿಂತು ನೋಡುತ್ತಿದ್ದಾನೆ. ಕೃಷ್ಣನದು ಇದಕ್ಕೆ ಸರಿಯಾಗಿ ಎದುರು. ಶ್ರಾವಣ ಬಹುಳ ಅಷ್ಟಮಿಯ ನಡುರಾತ್ರಿ, ಮಥುರೆಯ ಸೆರೆಮನೆಯಲ್ಲಿ, ಕಾವಲುಗಾರರೆಲ್ಲ ನಿದ್ರಿಸುತ್ತಿರುವಾಗ ಅವನು ಬರುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯ ಚಂದ್ರನು ಮೂಡುವುದೂ ಸುಮಾರಾಗಿ ನಡುರಾತ್ರಿಗೇ. ಚಂದ್ರವಂಶದಲ್ಲಿ ಹುಟ್ಟುವವನನ್ನು ನೋಡುವುದಕ್ಕೆ ಚಂದ್ರನೂ ಅದೇ ಹೊತ್ತಿಗೆ ಎದ್ದು ಬರುತ್ತಾನೆ. ಉಡುಪಿಯಲ್ಲಿ ದಿನವಿಡೀ ಉಪವಾಸವಿದ್ದ ಭಕ್ತರು ಚಂದ್ರೋದಯದ ವೇಳೆಗೆ ಕೃಷ್ಣನಿಗೂ ಚಂದ್ರನಿಗೂ ಅರ್ಘ್ಯ ಕೊಡುವುದು ಈ ಕಾರಣಕ್ಕೇ, ಮತ್ತು ಮರುದಿನ ರಥಬೀದಿಯಲ್ಲಿ ಮೊಸರುಕುಡಿಕೆಗಳನ್ನು ಒಡೆಯುವ ವಿಟ್ಲಪಿಂಡಿಯ ಸಂಭ್ರಮಕ್ಕೆ ಆ ರಾತ್ರಿಯ ಹಸಿವೂ ಎಚ್ಚರವೂ ಹಿನ್ನೆಲೆಯಾಗಿರುತ್ತವೆ. ಉಡುಪಿಯವರು ಸೌರಮಾನದ ಸಿಂಹಮಾಸವನ್ನು ಹಿಡಿಯುವುದರಿಂದ ಕೆಲವು ವರ್ಷ ಅಲ್ಲಿನ ಜಯಂತಿಯು ಚಾಂದ್ರಮಾನದವರ ಅಷ್ಟಮಿಗಿಂತ ತಿಂಗಳು ಆಚೀಚೆ ಬರುವುದುಂಟು. ಅದರಿಂದ ಯಾರ ಭಕ್ತಿಗೂ ಕೊರತೆಯಾದಂತಿಲ್ಲ.

ಕಾಲವೇ ಕಥೆಯ ತಿರುಳಾಗಿರುವುದು ನರಸಿಂಹ ಜಯಂತಿಯಲ್ಲಿ. ಹಗಲೂ ಸಾಯಬಾರದು, ರಾತ್ರಿಯೂ ಸಾಯಬಾರದು ಎಂದು ವರ ಪಡೆದ ಹಿರಣ್ಯಕಶಿಪುವಿಗೆ ಸಂಧ್ಯಾಕಾಲವೊಂದು ಉಳಿದಿದೆ ಎಂಬುದು ಹೊಳೆಯಲಿಲ್ಲ. ವೈಶಾಖ ಶುದ್ಧ ಚತುರ್ದಶಿಯು ಸಂಜೆಗೆ ಇರುವ ದಿನವೇ ಆ ವ್ರತವಾಗಬೇಕೆಂದು ನಿರ್ಣಯಕಾರರು ಹೇಳುವುದು ಬರಿಯ ವಿಧಿಯಾಗಿ ಅಲ್ಲ. ಬೆಳಿಗ್ಗೆಯೇ ಪೂಜೆ ಮುಗಿಸಿ ಎದ್ದುಬಿಟ್ಟರೆ ಕಂಬ ಒಡೆಯುವ ಮೊದಲೇ ಸಭೆಯಿಂದ ಹೊರಟುಹೋದಂತೆ ಆಗುತ್ತದೆ. ಶಿವರಾತ್ರಿಗೆ ಇದಕ್ಕಿಂತಲೂ ಆಳವಾದ ಕತ್ತಲೆ ಬೇಕು. ಮಾಘ ಬಹುಳ ಚತುರ್ದಶಿಯು ನಿಶೀಥಕ್ಕೆ, ಅಂದರೆ ರಾತ್ರಿಯ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದಕ್ಕೆ, ಇರುವ ದಿನ ಅದು. ಆದಿ ಅಂತ್ಯಗಳಿಲ್ಲದ ಜ್ಯೋತಿಸ್ತಂಭವಾಗಿ ಶಿವನು ಬ್ರಹ್ಮ ವಿಷ್ಣುಗಳ ನಡುವೆ ಕಾಣಿಸಿಕೊಂಡ ಲಿಂಗೋದ್ಭವಕಾಲವೆಂದು ಅದನ್ನು ಭಾವಿಸುತ್ತಾರೆ. ಹುಲಿಗೆ ಹೆದರಿಯೋ ಬೇಟೆಗೆ ಕಾದೋ ಬಿಲ್ವದ ಮರವೇರಿ, ನಿದ್ದೆ ಬಾರದಿರಲೆಂದು ಎಲೆ ಕಿತ್ತು ಕೆಳಗೆ ಹಾಕಿದ ಬೇಡನ ಕಥೆ ಎಲ್ಲರಿಗೂ ಗೊತ್ತು. ಅವನಿಗೆ ಕೆಳಗಿದ್ದ ಲಿಂಗವೂ ತಿಳಿದಿರಲಿಲ್ಲ, ತಿಥಿಯೂ ತಿಳಿದಿರಲಿಲ್ಲ. ಎಚ್ಚರವಿದ್ದನೆಂಬುದೊಂದೇ ಅವನ ಪುಣ್ಯ. ನಾಲ್ಕು ಯಾಮಗಳ ಪೂಜೆಯಲ್ಲಿ ಮೂರನೆಯದರ ಹೊತ್ತಿಗೆ ತೂಕಡಿಸುವ ನಮ್ಮಂಥವರಿಗೆ ಆ ಬೇಡನು ಗುರುವಿನಂತೆ ಕಾಣುತ್ತಾನೆ.

ಆದರೆ ಹೊತ್ತಿನ ನಿಯಮವು ಅತ್ಯಂತ ಬಿಗಿಯಾಗಿರುವುದು ಏಕಾದಶಿಯಲ್ಲಿ. ಕ್ಯಾಲೆಂಡರಿನಲ್ಲಿ ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಎಂದು ಎರಡು ದಿನ ಅಚ್ಚಾಗಿರುವುದನ್ನು ಎಲ್ಲರೂ ನೋಡಿರುತ್ತಾರೆ. ಸೂರ್ಯೋದಯಕ್ಕೆ ಮೊದಲಿನ ನಾಲ್ಕು ಘಳಿಗೆ, ಅಂದರೆ 96 ನಿಮಿಷ, ಅರುಣೋದಯ ಕಾಲ. ಆ ಹೊತ್ತಿನಲ್ಲಿ ದಶಮಿಯ ಲೇಶವಿದ್ದರೂ ಆ ಏಕಾದಶಿಯನ್ನು ಬಿಟ್ಟು ಮರುದಿನ ಉಪವಾಸ ಮಾಡಬೇಕೆಂದು ವೈಷ್ಣವರು ಎಣಿಸಿದರೆ, ಸ್ಮಾರ್ತರು ಸೂರ್ಯೋದಯವನ್ನೇ ಗಡಿಯಾಗಿ ಹಿಡಿಯುತ್ತಾರೆ. ಉಪವಾಸದಷ್ಟೇ ಮುಖ್ಯವಾದದ್ದು ಪಾರಣೆ, ಅಂದರೆ ಮರುದಿನ ಉಪವಾಸವನ್ನು ಮುಗಿಸುವ ಊಟ. ದ್ವಾದಶಿ ಮುಗಿಯುವುದರೊಳಗೆ ಊಟ ಮಾಡಲೇಬೇಕು. ಹಸಿದಿರುವುದು ವ್ರತವಾದಂತೆ ಸಕಾಲಕ್ಕೆ ಉಣ್ಣುವುದೂ ವ್ರತ. ದ್ವಾದಶಿ ಬೇಗನೆ ಮುಗಿದುಹೋಗುವ, ಸಾಧನ ದ್ವಾದಶಿಯೆಂದು ಕರೆಯುವ ದಿನಗಳಲ್ಲಿ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಪಾರಣೆ ಆಗಬೇಕಾಗಿ, ಅಡುಗೆಯವರು ನಡುರಾತ್ರಿಯೇ ಒಲೆ ಹೊತ್ತಿಸುತ್ತಾರೆ.

ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವನು ಅಂಬರೀಷ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಬರುವ ಆ ಕಥೆಯನ್ನು ನಾವು ಸಾಮಾನ್ಯವಾಗಿ ಸುದರ್ಶನಚಕ್ರದ ಮಹಿಮೆಗಾಗಿ ಹೇಳುತ್ತೇವೆ. ವರ್ಷವಿಡೀ ದ್ವಾದಶೀವ್ರತ ನಡೆಸಿ, ಕಾರ್ತಿಕದಲ್ಲಿ ಮೂರು ರಾತ್ರಿ ಉಪವಾಸವಿದ್ದು, ಮಧುವನದಲ್ಲಿ ಹರಿಯನ್ನು ಪೂಜಿಸಿ ಪಾರಣೆಗೆ ಕೂರಬೇಕೆನ್ನುವಾಗ ದೂರ್ವಾಸರು ಅತಿಥಿಯಾಗಿ ಬಂದರು. ಊಟಕ್ಕೆ ಒಪ್ಪಿ ಯಮುನೆಗೆ ಸ್ನಾನಕ್ಕೆ ಹೋದವರು ಹಿಂತಿರುಗಲಿಲ್ಲ. ದ್ವಾದಶಿ ಉಳಿದಿರುವುದು ಅರ್ಧ ಮುಹೂರ್ತ ಮಾತ್ರ. ಅತಿಥಿಯನ್ನು ಬಿಟ್ಟು ಉಂಡರೆ ಒಂದು ದೋಷ, ದ್ವಾದಶಿಯನ್ನು ಕಳೆದುಕೊಂಡರೆ ಇನ್ನೊಂದು ದೋಷ. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂಬ ವಿಪ್ರರ ಮಾತಿನಂತೆ ರಾಜನು ನೀರನ್ನಷ್ಟೇ ಕುಡಿದು ಕಾದನು. ಮುಂದಿನದು ಗೊತ್ತೇ ಇದೆ: ದೂರ್ವಾಸರ ಜಟೆಯಿಂದ ಹುಟ್ಟಿದ ಕೃತ್ಯೆಯೆಂಬ ಮಾರಕ ಶಕ್ತಿ, ಅದನ್ನು ಸುಟ್ಟ ಚಕ್ರ, ಬ್ರಹ್ಮಲೋಕ ಕೈಲಾಸ ವೈಕುಂಠಗಳವರೆಗೂ ಋಷಿಯ ಓಟ, ತಾನು ಭಕ್ತರಿಗೆ ಅಧೀನನೆಂದು ಹೇಳಿ ಭಗವಂತನು ಅವರನ್ನು ಅಂಬರೀಷನ ಬಳಿಗೇ ಕಳುಹಿಸಿದ್ದು. ಕಥೆ ಹೇಳುವವರು ಬಹುಮಟ್ಟಿಗೆ ಬಿಟ್ಟುಬಿಡುವ ಒಂದು ವಿವರ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದೂರ್ವಾಸರು ಓಡಿ ಹೋಗಿ ಬರುವುದರೊಳಗೆ ಒಂದು ಸಂವತ್ಸರ ಕಳೆದಿತ್ತು, ಅಲ್ಲಿಯವರೆಗೂ ರಾಜನು ಬರಿಯ ನೀರಿನಲ್ಲಿಯೇ ಇದ್ದನು. ದ್ವಾದಶಿಗೆ ಸಲ್ಲಬೇಕಾದದ್ದನ್ನು ಒಂದು ಗುಟುಕಿನಲ್ಲಿ ಸಲ್ಲಿಸಿದ್ದ ಅವನು, ಅತಿಥಿಗೆ ಸಲ್ಲಬೇಕಾದದ್ದನ್ನು ಒಂದು ವರ್ಷ ಕಾದು ಸಲ್ಲಿಸಿದನು. ತಿಥಿಯನ್ನು ನಿಮಿಷದ ಲೆಕ್ಕದಲ್ಲಿ ನೋಡುವವನು ಮನುಷ್ಯನಿಗಾಗಿ ಲೆಕ್ಕವನ್ನೇ ಬಿಡಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಏಕಾದಶಿಗಳಲ್ಲಿ ಜನಪ್ರಿಯವಾದ ವೈಕುಂಠ ಏಕಾದಶಿಗೆ ತಿಥಿಯೊಂದೇ ಸಾಲದು. ಸೂರ್ಯನು ಧನುರಾಶಿಯಲ್ಲಿರುವಾಗ ಬರುವ ಶುಕ್ಲ ಏಕಾದಶಿಯೇ ಆಗಬೇಕು. ಸೂರ್ಯ ಚಂದ್ರರಿಬ್ಬರೂ ಒಪ್ಪಬೇಕಾದ ಹಬ್ಬವಾದ್ದರಿಂದ ಇಂಗ್ಲಿಷ್ ಕ್ಯಾಲೆಂಡರು ಅದರ ಮುಂದೆ ತಬ್ಬಿಬ್ಬಾಗುತ್ತದೆ: 2023ರಲ್ಲಿ ಜನವರಿ 2ಕ್ಕೂ ಡಿಸೆಂಬರ್ 23ಕ್ಕೂ ವೈಕುಂಠ ಏಕಾದಶಿ ಬಂದು, 2024ರಲ್ಲಿ ಒಂದೂ ಬಾರದೆ, 2025ರಲ್ಲಿ ಜನವರಿ 10 ಮತ್ತು ಡಿಸೆಂಬರ್ 30 ಎಂದು ಮತ್ತೆ ಎರಡು ಬಂದವು. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾಗಿರುವುದರಿಂದ, ಸಂಕ್ರಮಣವಿಲ್ಲದ, ಅಂದರೆ ಸೂರ್ಯನು ರಾಶಿ ಬದಲಿಸದ, ಚಾಂದ್ರಮಾಸವನ್ನು ಅಧಿಕವೆಂದು ಸೇರಿಸಿ ಇಬ್ಬರನ್ನೂ ಹೊಂದಿಸುತ್ತಾರೆ. 2023ರ ಅಧಿಕ ಶ್ರಾವಣದಲ್ಲಿ ವರಮಹಾಲಕ್ಷ್ಮಿಯೂ ನಾಗರಪಂಚಮಿಯೂ ನಿಜ ಶ್ರಾವಣಕ್ಕಾಗಿ ಕಾದವು. 2026ರಲ್ಲಿ ಜ್ಯೇಷ್ಠ ಅಧಿಕ. ಹಬ್ಬಗಳಿಲ್ಲದ, ಮಂಗಳಕಾರ್ಯಗಳಿಗೆ ಒದಗದ ಆ ಅನಾಥ ಮಾಸವನ್ನು ಪುರುಷೋತ್ತಮನು ತನ್ನ ಹೆಸರು ಕೊಟ್ಟು ಎತ್ತಿಕೊಂಡನೆಂಬ ನಂಬಿಕೆ ಲೆಕ್ಕಕ್ಕೆ ಕರುಣೆಯನ್ನು ಸೇರಿಸಿದಂತಿದೆ.

ಆಕಾಶವನ್ನು ನೋಡಿ ಕಾಯುವುದು ನಮ್ಮದೊಂದೇ ಪದ್ಧತಿಯಲ್ಲ. ಬುದ್ಧಪೂರ್ಣಿಮೆಗೆ ವೈಶಾಖದ ಹುಣ್ಣಿಮೆ ಬೇಕು. ಇಸ್ಲಾಮಿನ ವರ್ಷದಲ್ಲಿ ಅಧಿಕಮಾಸವಿಲ್ಲವಾದ್ದರಿಂದ ರಂಜಾನ್ ಮಾಸವು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹೀಗಾಗಿ ಚಳಿಗಾಲದ ಉಪವಾಸವೂ ಬೇಸಿಗೆಯ ಉಪವಾಸವೂ ಒಬ್ಬನ ಜೀವಿತದಲ್ಲಿಯೇ ಒದಗುತ್ತವೆ, ಕೊನೆಗೆ ಈದ್ ಎಂದು ಎಂಬುದನ್ನು ಬಿದಿಗೆಯ ಚಂದ್ರನಂಥ ತೆಳುಗೆರೆಯೊಂದು ಹೇಳಬೇಕು. ಈಸ್ಟರ್ ಹಬ್ಬವು ವಸಂತ ವಿಷುವದಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರಕ್ಕೆ ಬರುತ್ತದೆ. ಎಲ್ಲ ಕ್ರೈಸ್ತರೂ ಅದನ್ನು ಒಂದೇ ದಿನ ಆಚರಿಸಬೇಕೆಂದು 325ರಲ್ಲಿ ನೈಸಿಯಾದ ಸಭೆ ನಿರ್ಧರಿಸಿದ್ದರೂ, ಪೂರ್ವದ ಮತ್ತು ಪಶ್ಚಿಮದ ಸಭೆಗಳು ಬೇರೆ ಬೇರೆ ಪಂಚಾಂಗ ಹಿಡಿದಿರುವುದರಿಂದ ಇಂದಿಗೂ ಅನೇಕ ವರ್ಷ ಎರಡು ಈಸ್ಟರ್‌ಗಳು ಬರುತ್ತವೆ. ಎರಡು ಏಕಾದಶಿಗಳನ್ನು ಕಂಡ ನಮಗೆ ಅದು ಅರ್ಥವಾಗದ ಸಂಗತಿಯೇನಲ್ಲ.

ಚಂದ್ರನನ್ನು ಕೇಳದೆ ಬರುವ ನಮ್ಮ ದೊಡ್ಡ ಹಬ್ಬ ಮಕರ ಸಂಕ್ರಾಂತಿ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ನಾವು ಸಂಕ್ರಾಂತಿ ಮಾಡುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಒಂದಾಗಿದ್ದ ಇವೆರಡೂ ಅಯನಚಲನದಿಂದ, ಅಂದರೆ ಭೂಮಿಯ ಅಕ್ಷವು ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ಸುಮಾರು 72 ವರ್ಷಕ್ಕೊಂದು ಅಂಶದಂತೆ ದೂರವಾಗಿವೆ. ಇದನ್ನು ತಿದ್ದಬೇಕೆಂದು ವಾದಿಸುವವರಿದ್ದಾರೆ, ಅವರ ಗಣಿತ ಸರಿಯಾಗಿಯೇ ಇದೆ. ನಕ್ಷತ್ರಗಳ ನಡುವೆ ಸೂರ್ಯನಿರುವ ಸ್ಥಾನವನ್ನು ಹಿಡಿಯುವ ಪರಂಪರೆಯೂ ತನ್ನ ಮಟ್ಟಿಗೆ ಸರಿಯೇ. ಉತ್ತರಾಯಣವೆಂದರೆ ನೆನಪಾಗುವವನು ಶರಶಯ್ಯೆಯ ಭೀಷ್ಮ. ಇಚ್ಛಾಮರಣದ ವರವಿದ್ದ ಅವನು ನೋವನ್ನು ಮುಗಿಸಿಕೊಳ್ಳುವುದಕ್ಕೆ ಆ ವರವನ್ನು ಬಳಸಲಿಲ್ಲ. 58 ರಾತ್ರಿ ಬಾಣಗಳ ಮೇಲೆ ಮಲಗಿ ಸೂರ್ಯನು ತಿರುಗುವುದನ್ನು ಕಾದನು. ಮಾಘ ಶುದ್ಧ ಅಷ್ಟಮಿಯಂದು ಇಂದಿಗೂ ಅವನಿಗೆ ತರ್ಪಣ ಸಲ್ಲುತ್ತದೆ.

ಇಷ್ಟೆಲ್ಲ ಕಾಲದ ಗೊಡವೆ ಭಕ್ತನಿಗೇಕೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಬಸವಣ್ಣನವರಿಗಿಂತ ಚೆನ್ನಾಗಿ ಕೇಳಿದವರಿಲ್ಲ. ತಮ್ಮವರು ಬಂದು ಕೇಳಿದರೆ ಲಗ್ನ ಶುಭವೆಂದೇ ಹೇಳಿರಿ, ನಾಳೆಗಿಂತ ಇಂದೇ ಲೇಸೆಂದು ಹೇಳಿರಿ ಎಂಬ ಅವರ ವಚನದ ಮುಂದೆ ನಿರ್ಣಯಗ್ರಂಥಗಳೆಲ್ಲ ಕ್ಷಣಕಾಲ ಮೌನವಾಗುತ್ತವೆ. ಆದರೆ ಅವರು ಜರಿದದ್ದು ತನ್ನ ಲಾಭಕ್ಕಾಗಿ ಒಳ್ಳೆಯ ಗಳಿಗೆಯನ್ನು ಹುಡುಕುವ ಭಯವನ್ನು ಎಂದು ನಾನು ತಿಳಿದಿದ್ದೇನೆ. ವ್ರತದ ಕಾಲ ಅಂಥದ್ದಲ್ಲ. ಮುಹೂರ್ತವನ್ನು ನಾವು ನಮ್ಮ ಕೆಲಸಕ್ಕೆ ಆರಿಸಿಕೊಳ್ಳುತ್ತೇವೆ. ವ್ರತದ ಹೊತ್ತು ನಮ್ಮ ಕೆಲಸ, ನಿದ್ದೆ, ಹಸಿವುಗಳನ್ನು ಬದಿಗಿಡಿಸಿ ತನ್ನ ಕಡೆಗೆ ಕರೆದುಕೊಳ್ಳುತ್ತದೆ. ಅನುಕೂಲಕ್ಕಾಗಿ ಹಬ್ಬವನ್ನು ಭಾನುವಾರಕ್ಕೆ ಎಳೆದುಕೊಳ್ಳುವುದು ಈಗ ಸಾಮಾನ್ಯವಾಗಿದೆ. ಹತ್ತು ಜನ ಸೇರುವ ಉತ್ಸವಕ್ಕೆ ಅದು ಒಪ್ಪುತ್ತದೆ, ಒಬ್ಬನೇ ಹೊತ್ತ ಸಂಕಲ್ಪಕ್ಕೆ ಒಪ್ಪುವುದಿಲ್ಲ.

ಪರದೇಶದಲ್ಲಿ ನೆಲೆಸಿದವರ ಸಂದೇಹವೊಂದು ಇಲ್ಲಿ ಹುಟ್ಟುತ್ತದೆ. ಬೆಂಗಳೂರಿನ ಪಂಚಾಂಗದಲ್ಲಿ ಅಷ್ಟಮಿ ಸೋಮವಾರವೆಂದಿದ್ದರೆ ಅಮೆರಿಕದಲ್ಲಿಯೂ ಸೋಮವಾರವೇ ಆಚರಿಸಬೇಕೇ? ತಿಥಿಯ ಆರಂಭ ಮತ್ತು ಅಂತ್ಯ ಭೂಮಿಗೆಲ್ಲ ಒಂದೇ ಕ್ಷಣದಲ್ಲಿ ಆಗುತ್ತವೆ, ಸೂರ್ಯೋದಯವೂ ನಡುರಾತ್ರಿಯೂ ಹಾಗಲ್ಲ. ಕೃಷ್ಣನು ಬರುವುದು ನಡುರಾತ್ರಿಗಾದರೆ ಅದು ಭಕ್ತನಿರುವ ಊರಿನ ನಡುರಾತ್ರಿಯೇ ಆಗಬೇಕು, ರಾಮನವಮಿಗೆ ನೆತ್ತಿಯ ಮೇಲಿರಬೇಕಾದ ಸೂರ್ಯನೂ ಅಲ್ಲಿಯ ಸೂರ್ಯನೇ. ಆದ್ದರಿಂದ ಇರುವ ಸ್ಥಳಕ್ಕೆ ಗಣಿಸಿದ ಪಂಚಾಂಗವನ್ನು ನೋಡುವುದು ಯುಕ್ತ. ಏಕಾದಶಿಯ ಪಾರಣೆಯನ್ನಂತೂ ಊರಿನವರು ಫೋನಿನಲ್ಲಿ ಹೇಳಿದ ಗಂಟೆಗೆ ಮಾಡದೆ, ಅಲ್ಲಿಯ ಸೂರ್ಯೋದಯಕ್ಕೂ ಅಲ್ಲಿ ದ್ವಾದಶಿ ಮುಗಿಯುವ ಗಡಿಯಾರದ ಹೊತ್ತಿಗೂ ನಡುವೆ ಮಾಡಬೇಕು.