ಈ ಜಾಗ ಯಾರ್ದ್ ಐತ್ರೀ?

ಈ ವಾರವೆಲ್ಲ ಆ ಹುಡುಗ ಕೇಳಿದ ಪ್ರಶ್ನೆಯೇ ತಲೆಯಲ್ಲಿ ಸುತ್ತುತ್ತಿದೆ. ಹುಡುಗ ಅಂದರೆ ಫಾರೆಸ್ಟ್ ಗಾರ್ಡ್. ಬಾಗಲಕೋಟೆ ಕಡೆಯವನು. ನಮ್ಮ ಮಧುಗಿರಿ ಸೀಮೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಬಳ್ಳಾರಿ ಜಾಲಿಯ ಮಧ್ಯೆ ಕರಡಿ ಅರಚುತ್ತಿತ್ತು. ಸುತ್ತ ಊರಿಗೆ ಊರೇ ಸೇರಿತ್ತು. ಅವನು ಒಬ್ಬೊಬ್ಬರ ಮುಖ ನೋಡಿ ಕೇಳುತ್ತಿದ್ದ, "ಈ ಜಾಗ ಯಾರ್ದ್ ಐತ್ರೀ?"

ಯಾರೂ ಬಾಯಿ ಬಿಡಲಿಲ್ಲ.

ಅಮ್ಮನನ್ನು ತವರಿಗೆ ಬಿಡಲು ಹೋಗಿದ್ದೆ. ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೊರಟವರು ಕೂಗು ಕೇಳಿ ಓಡಿ ಬಂದರು. ಮಾವನ ಹೊಲದ ಬದು ಮುಗಿದ ಕಡೆ ಕೆರೆ ಅಂಗಳ ಶುರು. ಅವೆರಡರ ನಡುವೆ ಒಂದು ಸಂದಿ ಇದೆ. ಕಾಡುಹಂದಿಗಳು ಓಡಾಡಿ ಓಡಾಡಿ ಜಾಲಿಯ ಬುಡದಲ್ಲಿ ದಾರಿ ಮಾಡಿಕೊಂಡಿವೆ. ಆ ದಾರಿಯಲ್ಲಿ ಯಾರೋ ಬೈಕಿನ ಕ್ಲಚ್ ವೈರನ್ನು ಎರಡೆಳೆ ಹೊಸೆದು ಉರುಳು ಕಟ್ಟಿದ್ದರು. ಹಂದಿಗೆ ಅಂತಲೇ ಕಟ್ಟಿದ್ದು. ಬಿದ್ದದ್ದು ಕರಡಿ.

ತಂತಿ ಸೊಂಟಕ್ಕೆ ಬಿಗಿದಿತ್ತು. ಇನ್ನೊಂದು ತುದಿ ಜಾಲಿ ಬೊಡ್ಡೆಗೆ. ರಾತ್ರಿಯೆಲ್ಲ ಆ ಬೊಡ್ಡೆಯ ಸುತ್ತಲೇ ತಿರುಗಿರಬೇಕು, ನೆಲ ಉತ್ತಿಟ್ಟ ಹಾಗಿತ್ತು. ಕೈಗೆಟುಕುವಷ್ಟು ಎತ್ತರಕ್ಕೆ ತೊಗಟೆಯೆಲ್ಲ ಕಿತ್ತು ಹೋಗಿತ್ತು. ತಂತಿ ಕಚ್ಚಿ ಕಚ್ಚಿ ಒಸಡಲ್ಲಿ ರಕ್ತ. ಎದೆಯ ಮೇಲಿನ ಬಿಳಿ ಗೆರೆಗೆ ಮಣ್ಣು ಮೆತ್ತಿ ಕೆಂಪಾಗಿತ್ತು. ಒಂದೊಂದು ಸಲ ಸುಮ್ನೆ ಕೂತು ಮುಂಗಾಲಿನಿಂದ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಯಾರೋ ಶಿಳ್ಳೆ ಹೊಡೆಯುತ್ತಿದ್ದರು, ಅದು ಮತ್ತೆ ಎದ್ದು ಜಗ್ಗುತ್ತಿತ್ತು. ಜಗ್ಗಿದಷ್ಟೂ ಬಿಗಿಯುವ ತಂತಿ ಅದು.

ವಿಡಿಯೋ ಮಾಡಲು ಮುಗಿಬಿದ್ದ ಹುಡುಗರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆ ಗಾರ್ಡ್ ಕೈ ಮುಗಿದು "ಹಿಂದ್ ಸರೀರಿ, ಅದು ಗಾಬರಿ ಆಗೇತಿ" ಅನ್ನುತ್ತಿದ್ದ. ಇದ್ದದ್ದು ಅವನೊಬ್ಬ, ಅವನ ಜೊತೆ ಒಬ್ಬ ವಾಚರ್. ಕೈಯಲ್ಲಿ ಒಂದು ಲಾಠಿ. ಡಾಕ್ಟರು ಅರಿವಳಿಕೆ ಬಂದೂಕು ತರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅಲ್ಲಿಯವರೆಗೆ ಕರಡಿಗೂ ಜನಕ್ಕೂ ಮಧ್ಯೆ ನಿಂತಿದ್ದು ಆ ಹುಡುಗ. ಇಲಾಖೆಯ ಬಗ್ಗೆ ಊರವರು ಏನು ಬೇಕಾದರೂ ಅನ್ನಲಿ, ಅವನ ಬಗ್ಗೆ ಒಂದು ಮಾತು ಕೆಟ್ಟದಾಗಿ ಆಡಿದರೆ ನಾನು ಕೇಳಲ್ಲ.

ಸೂಜಿ ನಾಟಿತು, ಕರಡಿ ಮಲಗಿತು, ಕಣ್ಣಿಗೆ ಒದ್ದೆ ಬಟ್ಟೆ ಹಾಕಿದರು, ಕಟಿಂಗ್ ಪ್ಲೇಯರ್‌ನಲ್ಲಿ ತಂತಿ ಕತ್ತರಿಸಿದರು. ತಂತಿ ಚರ್ಮ ಸೀಳಿ ಮಾಂಸಕ್ಕೆ ಇಳಿದಿತ್ತು. ಕೆಲವು ದಿನ ಇಟ್ಟುಕೊಂಡು ನೋಡಬೇಕು ಅಂತ ಬೋನಿನಲ್ಲಿ ಕರೆದುಕೊಂಡು ಹೋದರು. ತಿನ್ನುತ್ತಿದೆಯಂತೆ ಅಂತ ಮೊನ್ನೆ ಗಾರ್ಡ್ ಮಾವನಿಗೆ ಫೋನ್ ಮಾಡಿ ಹೇಳಿದ.

ಬೋನು ಹೋದ ಮೇಲೆ ಮಹಜರು. ಆಗ ಮತ್ತೆ ಅದೇ ಪ್ರಶ್ನೆ. ಸರ್ವೆ ನಂಬರ್ ಬೇಕು, ಯಾರ ಜಾಗ ಅಂತ ಬರೆಯಬೇಕು. "ಹೇಳ್ರೀ, ಈ ಜಾಗ ಯಾರ್ದ್ ಐತಿ?"

ಮಾವ ಹೇಳಿದ್ದು, "ನಮ್ಮ ಹೊಲ ಬದುವಿಗೇ ಮುಗೀತು ಸಾರ್." ನಿಜವೇ. ಪಂಚಾಯ್ತಿ ಸದಸ್ಯರು, "ಕೆರೆ ನಮಗೆ ಬರಲ್ಲ, ನೀರಾವರಿ ಇಲಾಖೆಯೋರ್ದು" ಅಂದರು. ಮೇಲಿನ ದಿಣ್ಣೆ ಗೋಮಾಳ, ಅದು ಕಂದಾಯದವರದ್ದು. ಅದರಾಚೆ ಅರಣ್ಯದ ಗಡಿಕಲ್ಲು. ಹಂದಿ ಹಗಲೆಲ್ಲ ಕೆರೆ ಅಂಗಳದ ಜಾಲಿಯಲ್ಲಿ ಮಲಗಿರುತ್ತದೆ, ಸಂಜೆ ಗೋಮಾಳ ದಾಟುತ್ತದೆ, ರಾತ್ರಿ ಹೊಲಕ್ಕೆ ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಅದು ಮೂರು ಇಲಾಖೆ, ಹತ್ತು ಪಹಣಿ ತುಳಿದು ಬರುತ್ತದೆ. ಉರುಳು ಕಟ್ಟಿದವನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಸರಿಯಾಗಿ ಯಾರದ್ದೂ ಅಲ್ಲದ ಆ ಸಂದಿಯನ್ನೇ ಹುಡುಕಿದ್ದಾನೆ.

ಕಾಯ್ದೆ ಈ ವಿಷಯದಲ್ಲಿ ಜಾಗವನ್ನು ನೋಡುವುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಲ್ಲಿ ಮಾಡಿದರೂ ಬೇಟೆಯೇ, ಕಾಡಲ್ಲಾದರೂ ಸರಿ, ನಮ್ಮ ಪಟ್ಟಾ ಜಮೀನಲ್ಲಾದರೂ ಸರಿ. ಕೊಲ್ಲುವುದು ಮಾತ್ರ ಬೇಟೆಯಲ್ಲ. ಬಲೆ, ಉರುಳು, ವಿಷ ಎಲ್ಲವೂ ಬೇಟೆ. ಪ್ರಾಣಿ ಬೀಳದೇ ಹೋದರೂ ಆ ಪ್ರಯತ್ನವೇ ಬೇಟೆ. ನಮ್ಮ ಹೊಲದಲ್ಲಿ ಹಂದಿ ತಾನಾಗೇ ಸತ್ತು ಬಿದ್ದರೂ ಅದು ಸರ್ಕಾರದ ಆಸ್ತಿ. ಎತ್ತಿಕೊಂಡವರು 48 ಗಂಟೆಯೊಳಗೆ ತಿಳಿಸಬೇಕು. ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಅಂತ ಕಾಯ್ದೆಯಲ್ಲಿ ಪಟ್ಟಿಗಳಿವೆ, ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಅದನ್ನು ಕೊಂದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕರಡಿ ಒಂದನೇ ಪಟ್ಟಿ. ಅದಕ್ಕೆ ಕಡಿಮೆಯೆಂದರೂ 3 ವರ್ಷ, ಜಾಸ್ತಿ ಅಂದರೆ 7. ತಂತಿ ಮಾತ್ರ ಎರಡಕ್ಕೂ ಒಂದೇ. ಯಾರು ಬರುತ್ತಾರೆ ಅಂತ ಅದು ಕೇಳುವುದಿಲ್ಲ. ಹಂದಿ, ಕರಡಿ, ಚಿರತೆ, ಮನೆ ನಾಯಿ, ಯಾರ ಕತ್ತಾದರೂ ಅದಕ್ಕೆ ಆದೀತು.

ನಮ್ಮ ಕಡೆ ಕರಡಿ ಹೊಸದೇನಲ್ಲ. ಪಕ್ಕದ ತಿಮ್ಲಾಪುರದ ಕಾಡನ್ನು ವನ್ಯಜೀವಿಧಾಮ ಮಾಡಿದ್ದಾರೆ. ಮೈದನಹಳ್ಳಿಯಲ್ಲಿ ಕೃಷ್ಣಮೃಗಕ್ಕೆ ಹುಲ್ಲುಗಾವಲು ಬಿಟ್ಟಿದ್ದಾರೆ, ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆಗೆ 2019ರಲ್ಲಿ ಧಾಮ ಆಯಿತು. ನನಗೆ ಇದೆಲ್ಲ ಹೆಮ್ಮೆಯೇ. ಒಣ ಸೀಮೆ, ಬರದ ಸೀಮೆ ಅಂತ ಕರೆಸಿಕೊಳ್ಳುವ ಜಿಲ್ಲೆ ಇಷ್ಟನ್ನು ಉಳಿಸಿಕೊಂಡಿದೆ. ಆದರೆ ಗಡಿಕಲ್ಲು ನೋಡಿ ಹಿಂದಕ್ಕೆ ತಿರುಗುವ ಪ್ರಾಣಿ ಎಲ್ಲಿದೆ? ಧಾಮಕ್ಕೆ ಒಬ್ಬ ಅಧಿಕಾರಿ ಇರುತ್ತಾರೆ. ಧಾಮದಿಂದ ಆಚೆ ಬಂದ ಮೇಲೆ ಪ್ರಾಣಿಯೂ ಒಂಟಿ, ರೈತನೂ ಒಂಟಿ.

ರೈತ ಅಂದೆ, ಆದರೆ ರಾತ್ರಿ ಕಾಯುವವಳು ಅತ್ತೆ. ಮಾವನಿಗೆ ಮಂಡಿ ನೋವು. ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಅತ್ತೆ ಟಾರ್ಚು, ಹಳೇ ಎಣ್ಣೆ ಡಬ್ಬ, ಒಂದು ಕೋಲು ಹಿಡಿದು ಹೊಲದ ಮೂಲೆಯ ಗುಡಿಸಲಿಗೆ ಹೋಗುತ್ತಾಳೆ. ಬದುವಿನುದ್ದಕ್ಕೂ ಹಳೇ ಸೀರೆ ಕಟ್ಟಿದ್ದಾಳೆ. ಕಟಿಂಗ್ ಶಾಪಿನಿಂದ ಕೂದಲು ತಂದು ಚೆಲ್ಲಿದ್ದೂ ಆಯ್ತು. ಒಂದೆರಡು ದಿನ ಹೆದರುತ್ತವೆ, ಆಮೇಲೆ ಅಷ್ಟೇ. ಅವತ್ತು ಮಧ್ಯಾಹ್ನ ಹೊಲ ತೋರಿಸಿದಳು. ಸಾಲಿಗೆ ಸಾಲೇ ಮೂತಿಯಲ್ಲಿ ಎಬ್ಬಿಸಿ ಹಾಕಿವೆ. ಗಿಡ ಬಾಡಿ ಬಿದ್ದಿದೆ, ಬುಡದಲ್ಲಿ ಒಂದು ಕಾಯಿಲ್ಲ. ಬರೀ ಸಿಪ್ಪೆ. "ತಿಂದ್ರೆ ತಿನ್ನಲಿ, ಇಷ್ಟು ಹಾಳು ಮಾಡ್ತವಲ್ಲಪ್ಪ" ಅಂದಳು. ಕರಡಿ ನೋಡಿ ಎಲ್ಲರಿಗಿಂತ ಮುಂಚೆ ಕಣ್ಣೊರೆಸಿಕೊಂಡವಳೂ ಅವಳೇ.

ಹಂದಿ ಮುಂಚೆಯೂ ಇತ್ತು. ಈಗ ಯಾಕೆ ಇಷ್ಟು ಅಂದರೆ ಊರವರು ಒಂದೊಂದು ಕಾರಣ ಹೇಳುತ್ತಾರೆ. ನನಗೆ ಕಾಣುವುದು ಆ ಜಾಲಿ. ಹೂಳು ತುಂಬಿದ ಕೆರೆಯಲ್ಲಿ ಬಳ್ಳಾರಿ ಜಾಲಿ ಆನೆ ಮರೆಯಾಗುವಷ್ಟು ದಟ್ಟವಾಗಿ ಬೆಳೆದಿದೆ. ಹಂದಿಗೆ ಹಗಲು ಮಲಗಲು ನೆರಳು, ಮರಿ ಹಾಕಲು ಮರೆ, ನಾಲ್ಕು ಹೆಜ್ಜೆ ಇಟ್ಟರೆ ಊಟ. ಒಂದು ಸೂಲಿಗೆ ನಾಲ್ಕೈದು ಮರಿ ಹಾಕುವ ಪ್ರಾಣಿಗೆ ಇನ್ನೇನು ಬೇಕು? ಇನ್ನೊಂದು, ಮೇಲುಗಡೆ ಬೆಂಗಳೂರಿನವರೊಬ್ಬರು ಜಮೀನು ತಗೊಂಡು ಸುತ್ತ ಚೈನ್‌ಲಿಂಕ್ ಬೇಲಿ ಹಾಕಿಸಿದ್ದಾರೆ. ಒಳ್ಳೆಯವರು, ಸಿಕ್ಕಿದಾಗ ಮಾತಾಡಿಸುತ್ತಾರೆ. ಅವರ ಜಮೀನು, ಅವರ ದುಡ್ಡು, ತಪ್ಪು ಅನ್ನೋಕಾಗಲ್ಲ. ಆದರೆ ಅಲ್ಲಿ ಓಡಾಡುತ್ತಿದ್ದ ಹಂದಿ ದಾರಿ ಪೂರ್ತಿ ಕೆಳಗಿನ ಸಣ್ಣ ಹಿಡುವಳಿಗಳಿಗೆ ತಿರುಗಿತು. ಬೇಲಿ ಹಾಕಲು ಶಕ್ತಿ ಇದ್ದವರ ಹಂದಿಯೂ ಈಗ ಅತ್ತೆಯ ಪಾಲಿಗೆ.

ಕರಡಿಯನ್ನು ಸಾಗಿಸಿದ ಮೇಲೆ ಊರಿನ ಮುಖಂಡರೊಬ್ಬರು ಜೋರಾಗಿ ಹೇಳಿದರು, "ಹಂದಿ ಹೊಡೆಯೋಕೆ ಬಿಟ್ಬಿಡ್ಲಿ, ಒಂದೇ ತಿಂಗಳಲ್ಲಿ ಸರಿ ಹೋಗುತ್ತೆ." ಚಪ್ಪಾಳೆ ಬಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಬಿಹಾರದಲ್ಲಿ 2015ರಲ್ಲಿ, ಉತ್ತರಾಖಂಡದಲ್ಲಿ 2016ರಲ್ಲಿ ಕೇಂದ್ರ ಸರ್ಕಾರ ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿ ಅಂತ ಘೋಷಿಸಿತ್ತು. ಹಾಗೆ ಘೋಷಿಸಿದರೆ ಆ ಪ್ರಾಣಿಗೆ ಕಾಯ್ದೆಯ ರಕ್ಷಣೆ ಇರುವುದಿಲ್ಲ. ನಮ್ಮಲ್ಲಿ ಹಾಗೆ ಬಾಗಿಲು ತೆರೆದರೆ ಮೊದಲು ಒಳಗೆ ನುಗ್ಗುವವರು ಅತ್ತೆಯಂಥವರಲ್ಲ. ಉರುಳು ಕಟ್ಟುವವರೆಲ್ಲ ಬೆಳೆ ಕಳೆದುಕೊಂಡವರು ಅನ್ನುವುದು ಸುಳ್ಳು. ಕೆಜಿ ಲೆಕ್ಕದಲ್ಲಿ ಮಾಂಸ ಮಾರುವವರು ಇದ್ದಾರೆ. ಊರಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಗಾರ್ಡ್ ಕೇಳಿದಾಗ ಯಾರೂ ಬಾಯಿ ಬಿಡದಿದ್ದದ್ದಕ್ಕೆ ಅದೂ ಒಂದು ಕಾರಣ. ರೈತರ ಸಿಟ್ಟನ್ನು ಮುಂದಿಟ್ಟುಕೊಂಡು ಹಿಂದೆ ತಕ್ಕಡಿ ಹಿಡಿದವರು ನಿಂತಿದ್ದಾರೆ.

ಹಾಗಂತ ಹಂದಿಯನ್ನು ಮುಟ್ಟಲೇಬಾರದು ಅನ್ನುವವಳೂ ನಾನಲ್ಲ. ಕಾಯ್ದೆಯಲ್ಲೇ ದಾರಿ ಇದೆ. ಎರಡನೇ ಪಟ್ಟಿಯ ಪ್ರಾಣಿ ಜೀವಕ್ಕೋ ಆಸ್ತಿಗೋ ಅಪಾಯ ಅಂತಾದರೆ, ನಿಂತ ಬೆಳೆಯೂ ಆ ಆಸ್ತಿಯಲ್ಲಿ ಸೇರಿದೆ, ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಅದನ್ನು ಹೊಡೆಯಲು ಅನುಮತಿ ಕೊಡಬಹುದು. ಕೇರಳದಲ್ಲಿ 2022ರಲ್ಲಿ ಆ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರವರೆಗೆ ಇಳಿಸಿದರು. ಅಲ್ಲೂ ವಿಷ, ಕರೆಂಟು, ಸಿಡಿಮದ್ದು ಬಳಸುವ ಹಾಗಿಲ್ಲ, ಲೈಸೆನ್ಸ್ ಇರುವವರೇ ಹೊಡೆಯಬೇಕು. ನನಗೆ ಇದು ಸರಿ ಅನ್ನಿಸುತ್ತದೆ. ಗುರುತಿಸಿದ ಕಡೆ, ಗೊತ್ತಿರುವ ಕೈಯಿಂದ, ಲೆಕ್ಕ ಬರೆದು. ಗುಂಡು ಹಂದಿಯನ್ನು ನೋಡಿ ಹಾರುತ್ತದೆ. ಕತ್ತಲಲ್ಲಿ ಕಟ್ಟಿಟ್ಟ ತಂತಿಗೆ ಆ ಕಣ್ಣಿಲ್ಲ.

ನಮ್ಮಜ್ಜ ಬೇಟೆಗೆ ಹೋಗುತ್ತಿದ್ದರಂತೆ. ಯುಗಾದಿ ಆದ ಮೇಲೆ ನಾಯಿ, ಈಟಿ, ಬಲೆ ತಗೊಂಡು ಇಡೀ ಊರೇ ಹೊರಡುತ್ತಿತ್ತಂತೆ. ಆ ಕಾಲ ಮತ್ತೆ ಬರಲಿ ಅಂತ ನನಗಿಲ್ಲ. ಆದರೆ ಅವರು ಹಗಲಲ್ಲಿ, ಎಲ್ಲರೆದುರಿಗೆ ಹೋಗುತ್ತಿದ್ದರು. ಯಾರು ಏನು ಹೊಡೆದರು ಅಂತ ಊರಿಗೆ ಗೊತ್ತಿರುತ್ತಿತ್ತು.

ಆ ಗಾರ್ಡ್ ಮಹಜರಿನಲ್ಲಿ ಕೊನೆಗೆ ಕೆರೆ ಅಂಗಳ ಅಂತ ಬರೆದುಕೊಂಡ. ಕೇಸು ಅಪರಿಚಿತರ ಮೇಲೆ. ಮಾವ ನಿಟ್ಟುಸಿರು ಬಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಹೊರಡುವಾಗ ಅವನು ಅತ್ತೆಗೆ ಹೇಳಿದ, "ಅಮ್ಮಾರ, ಹಂದಿ ತಿಂದಿದ್ದಕ್ಕ ಅರ್ಜಿ ಹಾಕ್ರಿ. ಪಹಣಿ, ಫೋಟೋ ಇಟ್ಕೋರಿ. ನಾನ ಬಂದು ನೋಡ್ತೀನಿ." ಅತ್ತೆ ಕೇಳಿದಳು, "ಪರಿಹಾರ ಬರೋದ್ರೊಳಗೆ ಇನ್ನೊಂದು ಬೆಳೆ ಹೋಗಿರ್ತದಲ್ಲಪ್ಪ, ಅದಕ್ಕೇನು ಮಾಡ್ಲಿ?" ಅವನ ಹತ್ತಿರ ಉತ್ತರ ಇರಲಿಲ್ಲ. ಅವನ ತಪ್ಪೂ ಅಲ್ಲ. ಉತ್ತರ ಕೊಡಬೇಕಾದವರು ಅಲ್ಲಿ ಇರಲಿಲ್ಲ ಅಷ್ಟೇ.

ಹಾಗಾಗಿ ನಾನೂ ಅತ್ತೆಯೂ ಕೂತು ಎರಡು ಅರ್ಜಿ ಬರೆದೆವು. ಒಂದು ಬೆಳೆ ಪರಿಹಾರಕ್ಕೆ. ಇನ್ನೊಂದು ಗ್ರಾಮಸಭೆಗೆ. ಕೆರೆ ಅಂಗಳದ ಜಾಲಿ ತೆಗೆಸಿ. ಕಡ್ಲೆಕಾಯಿ ಬಲಿಯುವ ಮುಂಚೆ ಗಾರ್ಡ್ ಜೊತೆ ಊರವರೂ ಸೇರಿ ಬದು, ಸಂದಿ, ಗೋಮಾಳ ಎಲ್ಲ ನಡೆದು ಉರುಳು ಹುಡುಕಿ ಕಿತ್ತು ಹಾಕೋಣ. ಸಣ್ಣ ಹಿಡುವಳಿಗಳಿಗೆಲ್ಲ ಸೇರಿಸಿ ಒಂದೇ ಸೋಲಾರ್ ಬೇಲಿ ಹಾಕಿಸಿ. ಹಂದಿ ಜಾಸ್ತಿ ಇರುವ ಕಡೆ ಅನುಮತಿ ಕೊಡುವುದಿದ್ದರೆ ಬೆಳೆ ಇರುವಾಗಲೇ ತೀರ್ಮಾನ ಮಾಡಿ, ಕೊಯ್ಲು ಮುಗಿದ ಮೇಲೆ ಬೇಡ.

ಇಷ್ಟು ಬರೆದ ಮೇಲೆ ಮೇಲುಗಡೆ "ಇವರಿಗೆ" ಅಂತ ಹಾಕಿ ಪೆನ್ನು ನಿಂತಿತು. ಅತ್ತೆ ಕಾಯಲಿಲ್ಲ. "ಎಲ್ರ ಹೆಸ್ರೂ ಹಾಕು. ಫಾರೆಸ್ಟು, ಕಂದಾಯ, ನೀರಾವರಿ, ಪಂಚಾಯ್ತಿ. ನಾಲ್ಕು ಪ್ರತಿ ತೆಗಿ, ಒಂದೊಂದಕ್ಕೂ ಸೀಲ್ ಹಾಕ್ಸಿಕೊಂಡೇ ಬರ್ತೀನಿ" ಅಂದಳು. ಗ್ರಾಮಸಭೆಗೆ ಗಾರ್ಡ್ ಬರುತ್ತೇನೆ ಅಂದಿದ್ದಾನೆ. ಅರ್ಜಿ ಓದುವವಳು ಅತ್ತೆಯೇ.