ನೆಟ್ ಕೇಬಲ್ಲೇ ಡಿಸ್ಕ್ ಕೇಬಲ್

ಸಿರ್ಸಿ ಕಡೆ ಗುಡುಗು ಶುರುವಾಯಿತು ಅಂದರೆ ಎಲ್ಲರ ಕೈ ಮೊದಲು ಹೋಗುವುದು ಟಿವಿ, ಮೋಡೆಮ್ ವೈರಿಗೆ. ಪೇಟೆಯಿಂದ ತುಸು ದೂರದ ಒಂದು ಹೈಸ್ಕೂಲಿನ ಲ್ಯಾಬಿನಲ್ಲೂ ಅದೇ ರೂಢಿ. ಆದರೆ ಅಲ್ಲಿನ ಕಂಪ್ಯೂಟರ್‌ಗಳಿಗೆ ಹಾರ್ಡ್ ಡಿಸ್ಕೇ ಇಲ್ಲ. ಹಳೆಯ ಡಿಸ್ಕ್‌ಗಳು ಒಂದೊಂದಾಗಿ ಕೆಟ್ಟ ಮೇಲೆ ಎಲ್ಲವನ್ನೂ ನೆಟ್‌ವರ್ಕ್ ಬೂಟ್‌ಗೆ, ಅಂದರೆ ಕೇಬಲ್ ಮೂಲಕ ಸರ್ವರ್‌ನಿಂದಲೇ ಶುರುವಾಗುವ ಹಾಗೆ, ತಂದಿದ್ದೆವು. ಪವರ್ ಒತ್ತಿದರೆ ನೆಟ್‌ವರ್ಕ್ ಕಾರ್ಡು ಡಿಎಚ್‌ಸಿಪಿಯಿಂದ (ವಿಳಾಸ ಹಂಚುವ ಏರ್ಪಾಡು) ಐಪಿ ವಿಳಾಸ ಕೇಳುತ್ತದೆ, ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆಯಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಇಳಿಸಿಕೊಳ್ಳುತ್ತದೆ, ಆಮೇಲೆ ಆ ಕರ್ನಲ್ ಸರ್ವರ್‌ನಲ್ಲಿರುವ ಯಂತ್ರದ ಫೋಲ್ಡರನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಡಿಸ್ಕ್ ಅಂತ ಹಿಡಿದುಕೊಳ್ಳುತ್ತದೆ. ಒಳಗಿರುವುದು ಉಬುಂಟು 18.04 ಎಂಬ ಲಿನಕ್ಸ್. ಹಳೇ ಯಂತ್ರಗಳಿಗೆ ಅಷ್ಟು ಸಾಕು.

ಮಕ್ಕಳು ಬೇಡದ ತಾಣಗಳನ್ನು ತೆರೆಯಬಾರದು, ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿಕೊಡು ಅಂತ ಮಾಸ್ತರು ಕರೆದಿದ್ದರು. ಕ್ಲೌಡ್‌ಫ್ಲೇರ್ ಕಂಪನಿಯವರು 2020ರಲ್ಲಿ ಮನೆಮಂದಿಗೆ ಅಂತ ಕೊಟ್ಟ 1.1.1.3 ಡಿಎನ್‌ಎಸ್ ಹಾಕಿದರೆ ಅಶ್ಲೀಲ ತಾಣಗಳೂ ವೈರಸ್ ಹರಡುವ ತಾಣಗಳೂ ತೆರೆಯುವುದಿಲ್ಲ. ರೂಟರಿನಲ್ಲೇ ಹಾಕಿದ್ದರೆ ಸಲೀಸಾಗುತ್ತಿತ್ತು, ಆದರೆ ಅದರ ಪಾಸ್‌ವರ್ಡ್ ನಮ್ಮ ಕೈಯಲ್ಲಿರಲಿಲ್ಲ. ಹಾಗಾಗಿ ಪ್ರತಿ ಯಂತ್ರದ ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲಿನಲ್ಲೇ ಬರೆಯಬೇಕು. ಮೊದಲು ಕಿಟಕಿ ಪಕ್ಕದ್ದೊಂದರಲ್ಲಿ ನೋಡೋಣ ಅಂದೆ. ಫೈಲ್ ಬರೆದು, ಅದನ್ನು ಜಾರಿಗೆ ತರುವ 'ನೆಟ್‌ಪ್ಲಾನ್ ಅಪ್ಲೈ' ಆಜ್ಞೆ ಕೊಟ್ಟಾಯಿತು.

ಮೌಸಿನ ಬಾಣ ಓಡಾಡುತ್ತಿತ್ತು. ಮೆನು ಒತ್ತಿದರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಕನ್ಸೋಲಿನಲ್ಲಿ ಎನ್‌ಎಫ್‌ಎಸ್ ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಅನ್ನುವ ಸಾಲು ಬಂತು. ಕಾದೆವು. ಅದು ಪ್ರಯತ್ನಿಸುತ್ತಲೇ ಇತ್ತು.

"ಎಂತದಾ ಇದು ತಮಾ? ಮೊನ್ನೆ ಮಿಂಚಿನಲ್ಲಿ ಹುಡುಗ ವೈರನ್ನೇ ಕಿತ್ತಾಗಲೂ ಸಾಯಲಿಲ್ಲ. ತಿರುಗಿ ಚುಚ್ಚಿದ ಕೂಡಲೇ ನಡೆಯಿತು. ಈಗ ವೈರು ಅಲ್ಲೇ ಇದೆ, ಮತ್ತೆಂತಕ್ಕೆ ಸತ್ತಿತು?" ಅಂದರು ಮಾಸ್ತರು.

ಒಳ್ಳೆ ಪ್ರಶ್ನೆ ಅಲ್ವಾ? ನಾನೂ ಅಲ್ಲಿಂದಲೇ ಹಿಡಿದು ಹೊರಟೆ. ಬೂಟ್ ಆಗುವಾಗ ಸಿಕ್ಕ ಐಪಿ ವಿಳಾಸ ಕರ್ನಲ್ ಒಳಗೆ ಇರುತ್ತದೆ. ಬೇರೆ ಯಾರೂ ಅದನ್ನು ಮುಟ್ಟದಿದ್ದರೆ ವೈರು ಕಿತ್ತರೂ ವಿಳಾಸ ಹೋಗುವುದಿಲ್ಲ. ಎನ್‌ಎಫ್‌ಎಸ್ ತಾಳ್ಮೆಯಿಂದ ಕಾಯುತ್ತದೆ, ವೈರು ಬಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅಪ್ಲೈ ಕೊಟ್ಟಾಗ ಆಗುವುದೇ ಬೇರೆ. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಪ್ರೋಗ್ರಾಂ ಯಜಮಾನಿಕೆ ವಹಿಸಿಕೊಳ್ಳುತ್ತದೆ. ತಾನು ಕೊಡದ ವಿಳಾಸವನ್ನು ತೆಗೆದುಹಾಕಿ, ಹೊಸದಾಗಿ ಡಿಎಚ್‌ಸಿಪಿ ಕೇಳಲು ಹೊರಡುತ್ತದೆ. ಡಿಸ್ಕ್ ಇರುವ ಕಂಪ್ಯೂಟರಿಗೆ ಇದು ಗೊತ್ತೇ ಆಗದ ಒಂದು ಕ್ಷಣ. ಇಲ್ಲಿ ಮಾತ್ರ ವಿಳಾಸ ಹೋದರೆ ಡಿಸ್ಕೂ ಹೋದ ಹಾಗೆ. ಹೊಸ ವಿಳಾಸ ತರಬೇಕಾದ ಪ್ರೋಗ್ರಾಮಿನ ತುಂಡುಗಳೂ ಅದೇ ಡಿಸ್ಕಿನಲ್ಲಿವೆ. ಬಾವಿಗೆ ಇಳಿದವನ ಹಗ್ಗ ಬಿಚ್ಚಿ, ಹೊಸ ಹಗ್ಗ ತಾ ಅಂತ ಅವನನ್ನೇ ಕಳಿಸಿದ ಹಾಗೆ.

'ನೆಟ್‌ಪ್ಲಾನ್ ಟ್ರೈ' ಕೊಟ್ಟಿದ್ದರೆ, ನಾವು ಒಪ್ಪಿಗೆ ಒತ್ತದೇ ಇದ್ದಾಗ 120 ಸೆಕೆಂಡಿನಲ್ಲಿ ಹಳೆಯದಕ್ಕೆ ವಾಪಸ್ ಬರುತ್ತಿತ್ತಲ್ಲ ಅಂತ ಕೆಲವರು ಹೇಳಬಹುದು. ವಾಪಸ್ ತರುವ ಪ್ರೋಗ್ರಾಮೂ ಇರುವುದು ಆ ಡಿಸ್ಕಿನಲ್ಲೇ. ಹಾಗಾಗಿ ಇಂಥ ಯಂತ್ರದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಒಂದು ಅನುಕೂಲ ಇತ್ತು. ಯಂತ್ರ ಅಲ್ಲಾಡದೆ ಕೂತಿದ್ದರೂ ಅದರ ಫೈಲುಗಳೆಲ್ಲ ಸರ್ವರ್‌ನಲ್ಲಿ ನಮ್ಮ ಕಣ್ಣೆದುರೇ ಇದ್ದವು. ಸುಮ್ನೆ ಪವರ್ ಆಫ್ ಮಾಡಿ ಆನ್ ಮಾಡಿದರೆ ಆಗದು. ಬೂಟ್ ಆಗುವಾಗ ಅದೇ ಫೈಲ್ ಓದಿ ಮತ್ತೆ ಅಲ್ಲೇ ನಿಲ್ಲಬಹುದು. ಅದಕ್ಕೆ ಸರ್ವರ್‌ನಿಂದಲೇ ಫೈಲ್ ತೆರೆದು ಆ ನೆಟ್‌ವರ್ಕ್ ಕಾರ್ಡಿನ ಕೆಳಗೆ 'ಕ್ರಿಟಿಕಲ್: ಟ್ರೂ' ಅಂತ ಸೇರಿಸಿದೆವು. ಈ ಸಂಪರ್ಕದ ಮೇಲೆ ಜೀವ ನಿಂತಿದೆ, ನೀನು ಮತ್ತೆ ಶುರುವಾದರೂ ಇದರ ವಿಳಾಸ ಬಿಡಬೇಡ ಅಂತ ನೆಟ್‌ವರ್ಕ್‌ಡಿಗೆ ಹೇಳುವ ಸಾಲು ಅದು.

ಅದೊಂದೇ ಸಾಲದು. ನೆಟ್‌ವರ್ಕ್‌ಡಿ ಡಿಎಚ್‌ಸಿಪಿ ಕೇಳುವಾಗ ತನ್ನ ಗುರುತು ಹೇಳುವ ರೀತಿ ಬೇರೆ. ಬೂಟ್ ಆಗುವಾಗ ಕಾರ್ಡಿನ ಮ್ಯಾಕ್ ವಿಳಾಸವೇ (ತಯಾರಿಸುವಾಗಲೇ ಕಾರ್ಡಿಗೆ ಕೊಟ್ಟ ಸಂಖ್ಯೆ) ಗುರುತು. ನೆಟ್‌ವರ್ಕ್‌ಡಿ ಮಾತ್ರ ಡಿಸ್ಕಿನಲ್ಲಿ ಬರೆದಿಟ್ಟ ಯಂತ್ರದ ಐಡಿಯಿಂದ ಇನ್ನೊಂದು ಗುರುತು ಕಟ್ಟುತ್ತದೆ. ರೂಟರಿನ ಲೆಕ್ಕದಲ್ಲಿ ಇಬ್ಬರು ಬೇರೆ ಬೇರೆ ಗಿರಾಕಿಗಳು, ಬೇರೆ ವಿಳಾಸ ಕೊಟ್ಟುಬಿಡುತ್ತದೆ. ನಮ್ಮಲ್ಲಿ ಇನ್ನೂ ಜಾಸ್ತಿ ಪಜೀತಿ. ಫೋಲ್ಡರ್‌ಗಳನ್ನು ಒಂದರಿಂದಲೇ ನಕಲು ಮಾಡಿದ್ದರಿಂದ ಎಲ್ಲದರ ಐಡಿ ಒಂದೇ ಆಗಿತ್ತು. ಎರಡು ಯಂತ್ರ ಒಂದೇ ವಿಳಾಸಕ್ಕೆ ಜಗಳ ಆಡುವ ಅಪಾಯ! 'ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್' ಅಂತ ಇನ್ನೊಂದು ಸಾಲು ಹಾಕಿದ ಮೇಲೆ ಎರಡೂ ತಾಪತ್ರಯ ತೀರಿತು.

ಯಂತ್ರವನ್ನು ಮತ್ತೆ ಆನ್ ಮಾಡಿ, ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬಿಡಿಸಲು ಕೂರಿಸಿ, ಅವಳು ಬಣ್ಣ ತುಂಬುತ್ತಿರುವಾಗಲೇ ಅಪ್ಲೈ ಕೊಟ್ಟೆ. ಅವಳಿಗೆ ಗೊತ್ತೇ ಆಗಲಿಲ್ಲ. ವಿಳಾಸ ಮೊದಲಿನದೇ, ಡಿಎನ್‌ಎಸ್ ಮಾತ್ರ ಹೊಸದು. ಮಾಸ್ತರು ಒಳಗಿಂದ ಕಷಾಯ ತರಿಸಿದರು. ಅದು ಮುಗಿಯುವಷ್ಟರಲ್ಲಿ ಉಳಿದವಕ್ಕೂ ಬರೆದಾಗಿತ್ತು.

ಒಂದು ಮಾತ್ರ ಬಾಕಿ. ಮಾಸ್ತರು ಕೂರುವ ಯಂತ್ರದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಅದಕ್ಕೆ ಈ ಕ್ರಿಟಿಕಲ್ ಸಾಲು ಅರ್ಥವಾಗುವುದಿಲ್ಲ. ಅದನ್ನೂ ನೆಟ್‌ವರ್ಕ್‌ಡಿಗೆ ತರಬೇಕು. ಪರೀಕ್ಷೆಯ ಅಂಕಗಳನ್ನೆಲ್ಲ ಅದರಲ್ಲೇ ತುಂಬುತ್ತಿದ್ದಾರೆ, ಹಾಗಾಗಿ ದಸರಾ ರಜೆವರೆಗೂ ಮುಟ್ಟಬೇಡ ಅಂದಿದ್ದಾರೆ.