ಮೂರೂ ತಾಳೆಯಾಗಿದ್ದವು, ದುಡ್ಡು ಮಾತ್ರ ಇರಲಿಲ್ಲ

ವಕೀಲರ ಸಂಸ್ಥೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವರಿಗೆ ತಿಂಗಳ ಕೊನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವ ಟೈಮ್ ಎಂಟ್ರಿ ಅವತ್ತಿಂದು ಅವತ್ತೇ ಹಾಕಿ ಅಂತ ಎಷ್ಟು ಬಡಕೊಂಡರೂ ಅಸೋಸಿಯೇಟ್‌ಗಳು ವಾರದ್ದನ್ನೆಲ್ಲ ಶುಕ್ರವಾರ ಸಂಜೆ ಒಂದೇ ಉಸಿರಿಗೆ ತುಂಬುತ್ತಾರೆ. ಆರು ನಿಮಿಷಕ್ಕೆ 0.1 ಗಂಟೆ ಅಂತ ಲೆಕ್ಕವೇನೋ ಇದೆ. ಸೋಮವಾರದ ಫೋನ್ ಕರೆ 0.2 ಆಗಿತ್ತೋ 0.5 ಆಗಿತ್ತೋ ಅಂತ ಶುಕ್ರವಾರ ಯಾರಿಗೆ ನೆನಪಿರುತ್ತದೆ? ಟೈಮರ್ ನಿಲ್ಲಿಸದೆ ಮನೆಗೆ ಹೋಗಿ, ಮಾರನೇ ದಿನ ಹದಿನಾಲ್ಕು ಗಂಟೆ 'ಕರಡು ಪರಿಶೀಲನೆ' ಮಾಡಿದವರೂ ಇದ್ದಾರೆ. ಇಷ್ಟೆಲ್ಲ ಸರಿಮಾಡಿ ಪ್ರೀ-ಬಿಲ್, ಅಂದರೆ ಬಿಲ್ಲಿನ ಕರಡು, ಕಳಿಸಿದರೆ ಪಾರ್ಟ್ನರ್‌ಗಳ ಮೇಜಿನಿಂದ ಅದು ವಾಪಸ್ ಬರುವುದು ಕೊನೇ ದಿನ. ಅದೂ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಲ್ಲಿ ಗೀಚಿ. ಅಷ್ಟು ದುಡ್ಡು ಸುರಿದು ಕೊಂಡ ಸಾಫ್ಟ್‌ವೇರಿನಲ್ಲಿ ತಿದ್ದುವ ಬಟನ್ ಇದೆ ಅನ್ನುವುದು ಅವರ ಪಾಲಿಗೆ ಇನ್ನೂ ವದಂತಿ.

ಹೀಗಾಗಿ ನಮ್ಮಲ್ಲಿ ಬಿಲ್ ಫೈನಲೈಸ್ ಮಾಡುವುದು ಯಾವಾಗಲೂ ಬ್ಯಾಚ್‌ನಲ್ಲೇ, ಯಾವಾಗಲೂ ರಾತ್ರಿಯೇ.

ಒಂದು ತಿಂಗಳು ಇದರ ಜೊತೆಗೆ ಲೀಡ್ಸ್ (LEDES) ಕಾಟ, ಅಂದರೆ ವಕೀಲರ ಬಿಲ್ಲನ್ನು ಕಂಪ್ಯೂಟರಿನಲ್ಲಿ ಕಳಿಸುವ ಫೈಲ್ ನಮೂನೆಯ ಕಾಟ. ಒಂದು ದೊಡ್ಡ ಕ್ಲೈಂಟ್‌ನ ಇ-ಬಿಲ್ಲಿಂಗ್ ಪೋರ್ಟಲ್ ನಮ್ಮ ಲೀಡ್ಸ್ 1998ಬಿ ಫೈಲನ್ನು ಮತ್ತೆ ಮತ್ತೆ ತಿರಸ್ಕರಿಸುತ್ತಿತ್ತು. 24 ಕಾಲಂ, ನಡುವೆ ಪೈಪ್ ಗೆರೆ, ಪ್ರತಿ ಸಾಲಿನ ಕೊನೆಗೆ ಒಂದು ಜೋಡಿ ಚೌಕ ಆವರಣ. ನೋಟ್‌ಪ್ಯಾಡಿನಲ್ಲಿ ತೆರೆದರೆ ಕಣ್ಣು ಕತ್ತಲೆ ಬರುತ್ತದೆ. ಯಾರೋ ಒಂದು ಸಾಲಿಗೆ ರಿಯಾಯಿತಿ ಕೊಟ್ಟಿದ್ದರು. ಗಂಟೆಯನ್ನು ದರದಿಂದ ಗುಣಿಸಿ ಹೊಂದಾಣಿಕೆ ಸೇರಿಸಿದರೆ ಬರುವ ಮೊತ್ತಕ್ಕೂ ಸಾಲಿನ ಮೊತ್ತಕ್ಕೂ ಕೂಡುತ್ತಿರಲಿಲ್ಲ. ಪೋರ್ಟಲ್ ಅದನ್ನು ಹೇಳಬೇಕಲ್ಲ? 'ಅಮಾನ್ಯ ಫೈಲ್' ಅಂದು ಸುಮ್ಮನಾಗುತ್ತಿತ್ತು. ಅದನ್ನು ಹುಡುಕಿ ತೆಗೆಯುವ ಹೊತ್ತಿಗೆ ರಾತ್ರಿಯಾಗಿತ್ತು. ಉಳಿದ ಬಿಲ್ಲುಗಳನ್ನೆಲ್ಲ ಸೆಲೆಕ್ಟ್ ಆಲ್ ಮಾಡಿ ಫೈನಲೈಸ್ ಒತ್ತಿದೆ. ಬ್ಯಾಚ್ ಮುಗಿಯಿತು, ಕ್ಲೈಂಟ್‌ಗಳ ದುಡ್ಡನ್ನು ಅವರ ಪರವಾಗಿ ಇಟ್ಟುಕೊಳ್ಳುವ ಟ್ರಸ್ಟ್ ಖಾತೆಯಿಂದ ಸಂಸ್ಥೆಯ ಸ್ವಂತ ಆಫೀಸ್ ಖಾತೆಗೆ ಹೋಗಬೇಕಾದ ಫೀಸಿನ ವರ್ಗಾವಣೆಯೂ ನಡೆಯಿತು. ಬ್ಯಾಂಕ್ ಬಾಕಿ, ಟ್ರಸ್ಟ್ ಪುಸ್ತಕದ ಬಾಕಿ, ಒಬ್ಬೊಬ್ಬ ಕ್ಲೈಂಟ್‌ನ ಲೆಕ್ಕ ಇಡುವ ಲೆಡ್ಜರ್‌ಗಳ ಒಟ್ಟು ಮೊತ್ತ, ಮೂರೂ ತಾಳೆ. ಮೂರು ಹಸಿರು ಗುರುತು ನೋಡಿ ಸಹಿ ಹಾಕಿ ಮನೆಗೆ ಹೋದೆ.

ಮಾರನೇ ಬೆಳಿಗ್ಗೆ ಒಂದು ಆಸ್ತಿ ಖರೀದಿಯ ಕ್ಲೋಸಿಂಗ್ ಇತ್ತು. ಕ್ಲೈಂಟ್ ಕೊಟ್ಟಿದ್ದ ದುಡ್ಡು ನಮ್ಮ ಟ್ರಸ್ಟ್ ಖಾತೆಯಲ್ಲಿದೆ, ಹನ್ನೊಂದಕ್ಕೆ ಮಾರಾಟಗಾರರಿಗೆ ಹೋಗಬೇಕು. ಪ್ಯಾರಾಲೀಗಲ್ ಹುಡುಗಿ ಓಡಿಬಂದಳು. "ಮೇಡಂ, ಪೇಮೆಂಟ್ ಬ್ಲಾಕ್ ಆಗ್ತಿದೆ. ಬಾಕಿ ಸಾಲದು ಅಂತಿದೆ."

ಸಾಲದೇ ಇರಲು ಸಾಧ್ಯವೇ ಇಲ್ಲ ಅಂದುಕೊಂಡೆ. ನಿನ್ನೆ ರಾತ್ರಿಯಷ್ಟೇ ಮೂರೂ ಕೂಡಿವೆ, ನಾನೇ ಸಹಿ ಹಾಕಿದ್ದೇನೆ! ಹಾಗಾಗಿ ಲೆಡ್ಜರ್ ತೆರೆದು ನೋಡುವ ಬದಲು ಸಾಫ್ಟ್‌ವೇರಿಗೇ ಏನೋ ಆಗಿದೆ ಅಂತ ತೀರ್ಮಾನಿಸಿದೆ. ಪೇಜ್ ರಿಫ್ರೆಶ್ ಮಾಡಿದ್ದಾಯಿತು, ಲಾಗೌಟ್ ಆಗಿ ಬಂದದ್ದಾಯಿತು, ಬ್ರೌಸರ್ ಬದಲಿಸಿದ್ದಾಯಿತು. ಆಮೇಲೆ ಹೆಲ್ಪ್‌ಲೈನ್. 'ನಿಮ್ಮ ಕರೆ ನಮಗೆ ಮುಖ್ಯ' ಎಂಬ ಧ್ವನಿ, ಅದರ ಹಿಂದೆ ಪಿಯಾನೋ. ಗಡಿಯಾರದಲ್ಲಿ ಅರ್ಧ ಗಂಟೆ ಹೀಗೇ ಸೋರಿಹೋಯಿತು. 'ಬಾಕಿ ಸಾಲದು' ಎಂಬ ಆ ಕೆಂಪು ಪಟ್ಟಿ ನಿಜವನ್ನೇ ಹೇಳುತ್ತಿದೆ ಅಂತ ನಂಬಿದ್ದರೆ ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ಪಾರ್ಟ್ನರ್ ಬಾಗಿಲಲ್ಲಿ. "ಏನಮ್ಮಾ ಇದು, ಟ್ರಸ್ಟ್ ಖಾತೆಯಲ್ಲಿ ಒಟ್ಟು ಅಷ್ಟೊಂದು ದುಡ್ಡಿದೆ. ಓವರ್‌ರೈಡ್ ಹೊಡೆದು ಕಳಿಸಿ, ಆಮೇಲೆ ನೋಡೋಣ."

ಸಾಫ್ಟ್‌ವೇರಿನ ತಡೆ ಮೀರಿ ಪೇಮೆಂಟ್ ಕಳಿಸುವ ಆ ಓವರ್‌ರೈಡ್ ಹಕ್ಕು ನನ್ನ ಲಾಗಿನ್‌ಗೇ ಇತ್ತು. ಮೌಸ್ ಆ ಬಟನ್ ಮೇಲೇ ಇತ್ತು. ಹೆಲ್ಪ್‌ಲೈನಿನವರು ಎತ್ತಿದರೆ ಕೇಳುತ್ತಾರಲ್ಲ ಅಂತ, ಸುಮ್ಮನೆ, ಆ ಕ್ಲೈಂಟ್‌ನ ಲೆಡ್ಜರ್ ತೆರೆದೆ. ಕೊನೇ ಸಾಲು ಹಿಂದಿನ ರಾತ್ರಿಯದು: 'ಟ್ರಸ್ಟ್‌ನಿಂದ ಬಿಲ್ಲಿಗೆ ಜಮೆ'. ಬಿಲ್ಲು ಆಸ್ತಿ ಖರೀದಿಯದಲ್ಲ. ಅದೇ ಕ್ಲೈಂಟ್‌ನ ಇನ್ನೊಂದು ಮ್ಯಾಟರ್ (ಪ್ರಕರಣ) ಇತ್ತು, ವರ್ಷಗಳಿಂದ ಎಳೆಯುತ್ತಿದ್ದ ದಾವೆ. ಅದರ ಹಳೇ ಬಾಕಿಯೆಲ್ಲ ಸೇರಿದ ಬಿಲ್ಲಿಗೆ, ಮನೆ ಕೊಳ್ಳಲು ಇಟ್ಟ ದುಡ್ಡನ್ನು ಸಾಫ್ಟ್‌ವೇರ್ ತಾನಾಗಿ ಜಮೆ ಮಾಡಿತ್ತು. ಬಿಲ್ಲು ಇನ್ನೂ ಕ್ಲೈಂಟ್‌ಗೆ ಹೋಗಿಯೇ ಇರಲಿಲ್ಲ. ಅವರು ನೋಡದ ಬಿಲ್ಲಿಗೆ, ಬೇರೆ ಉದ್ದೇಶಕ್ಕೆ ಕೊಟ್ಟ ದುಡ್ಡು, ಅವರನ್ನು ಕೇಳದೆ.

ಮೂರು ಹಸಿರು ಗುರುತು ಯಾಕೆ ಬಂದಿದ್ದವು ಅಂತ ಅಲ್ಲಿ ಹೊಳೆಯಿತು. ಬ್ಯಾಂಕಿನಿಂದ ದುಡ್ಡು ಹೋಯಿತು, ಪುಸ್ತಕದಲ್ಲಿ ಖರ್ಚು ಬಿತ್ತು, ಕ್ಲೈಂಟ್ ಲೆಡ್ಜರ್‌ನಲ್ಲೂ ಅಷ್ಟೇ ಕಡಿಮೆಯಾಯಿತು. ತಪ್ಪು ಮೂರೂ ಕಡೆ ಒಂದೇ ಥರ ಇಳಿದರೆ ಮೂರೂ ತಾಳೆಯಾಗಲೇಬೇಕು. ಲೆಕ್ಕ ಕೂಡುತ್ತದೋ ಇಲ್ಲವೋ ಅಂತ ಹೇಳುವುದಷ್ಟೇ ಆ ರಿಪೋರ್ಟಿನ ಕೆಲಸ. ಆ ದುಡ್ಡನ್ನು ಮುಟ್ಟಬಹುದಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇಷ್ಟು ವರ್ಷ ಅದನ್ನು ನೋಡಿ ನೆಮ್ಮದಿಯಿಂದ ಸಹಿ ಹಾಕುತ್ತಿದ್ದೆ.

ಓವರ್‌ರೈಡ್ ಹೊಡೆದಿದ್ದರೆ ಆ ಲೆಡ್ಜರ್ ಮೈನಸ್‌ಗೆ ಹೋಗುತ್ತಿತ್ತು. ಮೈನಸ್ ಅಂದರೆ ಬೇರೆ ಕ್ಲೈಂಟ್‌ಗಳ ದುಡ್ಡಿನಿಂದ ಇವರ ಮನೆ ಕೊಂಡ ಹಾಗೆ. ಸಂಜೆಯೊಳಗೆ ವಾಪಸ್ ಹಾಕಿದರೂ ಆದದ್ದು ಆದದ್ದೇ. ವಕೀಲರ ಸನ್ನದಿಗೇ ಕುತ್ತು ತರುವ ವಿಷಯ ಇದು. ಪಾರ್ಟ್ನರ್‌ಗೆ ಸ್ಕ್ರೀನ್ ತಿರುಗಿಸಿ ತೋರಿಸಿದೆ. ಓದಿದರು, ಕುರ್ಚಿ ಎಳೆದುಕೊಂಡು ಕೂತರು. ಓವರ್‌ರೈಡ್ ಮಾತು ಮತ್ತೆ ಎತ್ತಲಿಲ್ಲ.

ಸಾಫ್ಟ್‌ವೇರಿನಲ್ಲಿ ರಿವರ್ಸ್ ಮಾಡುವುದು ಒಂದು ಕ್ಲಿಕ್. ಆದರೆ ನಿಜವಾದ ದುಡ್ಡು ಆಫೀಸ್ ಖಾತೆಯಿಂದ ಟ್ರಸ್ಟ್ ಖಾತೆಗೆ ವಾಪಸ್ ಬರಬೇಕು, ಅದಕ್ಕೆ ಬ್ಯಾಂಕಿನ ಆ್ಯಪ್‌ನಲ್ಲಿ ಇಬ್ಬರು ಒಪ್ಪಬೇಕು. ಒಬ್ಬರು ಪಕ್ಕದಲ್ಲೇ ಇದ್ದರು. ಇನ್ನೊಬ್ಬರು ಕೋರ್ಟ್ ಹಾಲ್‌ನಲ್ಲಿ, ಸಾಕ್ಷಿಯ ಪಾಟೀ ಸವಾಲಿನ ನಡುವೆ, ಫೋನ್ ಸ್ವಿಚ್ ಆಫ್. ಕ್ಲರ್ಕ್‌ನನ್ನು ಓಡಿಸಿದೆವು. ಅವನು ಚೀಟಿ ಹಿಡಿದು ಹಾಲ್‌ನ ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಸವಾಲು ಮುಗಿಯುತ್ತಿಲ್ಲ. ಇತ್ತ ಮಾರಾಟಗಾರರ ಕಡೆಯ ವಕೀಲರು ಫೋನ್ ಮೇಲೆ ಫೋನ್. "ಬ್ಯಾಂಕ್ ಅಪ್ರೂವಲ್‌ಗೆ ಕಾಯ್ತಿದ್ದೇವೆ ಸರ್" ಅಂತ ನಾನು. ಸುಳ್ಳೇನಲ್ಲ. ಹನ್ನೊಂದಕ್ಕೆ ಇನ್ನೇನು ಐದೇ ನಿಮಿಷ ಅನ್ನುವಾಗ ವಿರಾಮ ಸಿಕ್ಕಿತು, ಅಪ್ರೂವಲ್ ಬಂತು, ಬಾಕಿ ಮೇಲೆದ್ದಿತು, ಪೇಮೆಂಟ್ ಹೋಯಿತು. ಆಮೇಲೆ ಕ್ಲೈಂಟ್‌ಗೆ ಪಾರ್ಟ್ನರ್ ಲಿಖಿತವಾಗಿ ತಿಳಿಸಿದರು, ನಾನು ರಿಜಿಸ್ಟರ್‌ನಲ್ಲಿ ದಾಖಲಿಸಿದೆ.

ಇದಕ್ಕೆ ಬೀಜ ಬಿದ್ದದ್ದು ಹಳೇ ಸಿಸ್ಟಂನಿಂದ ಹೊಸದಕ್ಕೆ ಡೇಟಾ ಸಾಗಿಸುವಾಗ. ಟ್ರಸ್ಟ್ ಬಾಕಿಯನ್ನು ಕ್ಲೈಂಟ್ ಮಟ್ಟದಲ್ಲಿ ಇಡಬೇಕೋ ಮ್ಯಾಟರ್ ಮಟ್ಟದಲ್ಲೋ ಅಂತ ಕಂಪನಿಯ ಹುಡುಗ ಕೇಳಿದ್ದ. ಕ್ಲೈಂಟ್ ಮಟ್ಟ ಸಾಕು ಅಂದವಳು ನಾನೇ. ರಿಪೋರ್ಟ್ ಚಿಕ್ಕದಾಗಿ ಬರುತ್ತದೆ ಎಂಬ ಆಸೆ. 'ಟ್ರಸ್ಟ್ ಬಾಕಿ ತಾನಾಗಿ ಜಮೆಯಾಗಲಿ' ಎಂಬ ಇನ್ನೊಂದು ಸೆಟ್ಟಿಂಗ್ ಮೊದಲೇ ಟಿಕ್ ಆಗಿ ಕೂತಿತ್ತು, ಅದರ ಬಗ್ಗೆ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದೊಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಸಾಫ್ಟ್‌ವೇರ್ ತೆಗೆದುಕೊಳ್ಳುವಾಗ ಡ್ಯಾಶ್‌ಬೋರ್ಡಿನ ಬಣ್ಣ ನೋಡಿ ಮರುಳಾಗುವ ಮ್ಯಾನೇಜ್‌ಮೆಂಟ್‌ಗೆ ಒಂದೇ ಮಾತು: ಮೊದಲೇ ಟಿಕ್ ಆಗಿರುವ ಪೆಟ್ಟಿಗೆಗಳ ಪಟ್ಟಿ ಕೇಳಿ.

ಈಗ ಎಲ್ಲ ಮ್ಯಾಟರ್ ಮಟ್ಟದಲ್ಲಿದೆ. ಹಳೇ ರಸೀದಿ ಹೊರತೆಗೆದು ಯಾವ ದುಡ್ಡು ಯಾವ ಮ್ಯಾಟರ್‌ನದು ಅಂತ ಬಿಡಿಸುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು. ತಾನಾಗಿ ಜಮೆಯಾಗುವುದು ಬಂದ್. ಓವರ್‌ರೈಡ್ ಹಕ್ಕನ್ನು ನನ್ನ ಲಾಗಿನ್‌ನಿಂದ ನಾನೇ ತೆಗೆಸಿದೆ. ಬಿಲ್ ಕಳಿಸಿದ ದಿನಾಂಕ ಇಲ್ಲದ ಯಾವ ಸಾಲೂ ವರ್ಗಾವಣೆ ಪಟ್ಟಿಗೆ ಬರುವ ಹಾಗಿಲ್ಲ, ಪಟ್ಟಿಯನ್ನು ನನ್ನ ಜೊತೆ ಇನ್ನೊಬ್ಬರು ಸಾಲುಸಾಲಾಗಿ ನೋಡುತ್ತಾರೆ. ಇದರಿಂದ ಫೀಸು ಆಫೀಸ್ ಖಾತೆಗೆ ಬರುವುದು ಒಂದೆರಡು ದಿನ ತಡ. ಯಾಕೆ ತಡ ಅಂತ ಮ್ಯಾನೇಜಿಂಗ್ ಪಾರ್ಟ್ನರ್ ತಿಂಗಳಾ ತಿಂಗಳಾ ಕೇಳುತ್ತಾರೆ, ನಾನು ತಿಂಗಳಾ ತಿಂಗಳಾ ಹೇಳುತ್ತೇನೆ. ಸಾಫ್ಟ್‌ವೇರ್ ಕಂಪನಿಗೆ ಹಾಕಿದ ಟಿಕೆಟ್‌ಗೂ ಉತ್ತರ ಬಂತು: 'ವ್ಯವಸ್ಥೆ ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ'. ಕೆಳಗೆ ಐದು ನಕ್ಷತ್ರ ಕೊಡಿ ಎಂಬ ಕೋರಿಕೆ.